ಸೋತ ರಾತ್ರಿ ಊಟಕ್ಕೆ ಯಾರೆಲ್ಲ ಕೂರುತ್ತಾರೆ?

ಕರ್ನಾಟಕದ ಹೆಸರಿನಲ್ಲಿ ವೃತ್ತಿಪರ ಬಾಸ್ಕೆಟ್‌ಬಾಲ್ ತಂಡ ಕಟ್ಟುವವರಿಗೆ, ಕೊಳ್ಳುವವರಿಗೆ, ನಡೆಸುವವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಹೋದ ವರ್ಷ ಮೇ ತಿಂಗಳಲ್ಲಿ ನನ್ನ ಹಳೆಯ ಶಿಷ್ಯನೊಬ್ಬ ಬ್ಯಾಗ್ ಹೆಗಲಿಗೆ ಹಾಕಿಕೊಂಡು ಬಸ್‌ಸ್ಟ್ಯಾಂಡಿನಿಂದ ನೇರ ನಮ್ಮ ಬಾಸ್ಕೆಟ್‌ಬಾಲ್ ಕೋರ್ಟಿಗೆ ಬಂದ. ಕೊಡಗಿನ ಸಿದ್ದಾಪುರದ ಹತ್ತಿರ ಕಾಫಿ ತೋಟದ ಕಾರ್ಮಿಕರ ಲೈನ್ ಮನೆಯಲ್ಲಿ ಬೆಳೆದ ಹುಡುಗ. ತಾಯಿ ಈಗಲೂ ಕಾಫಿ ಕುಯ್ಯಲು ಹೋಗುತ್ತಾರೆ. ಆರು ಅಡಿ ನಾಲ್ಕಿಂಚು ಎತ್ತರ. 12ನೇ ವಯಸ್ಸಿನಲ್ಲಿ ನನ್ನ ಹತ್ತಿರ ಬಂದಾಗ ಅವನ ಕಾಲಿಗೆ ಗೋಣಿಕೊಪ್ಪದ ಯಾವ ಅಂಗಡಿಯಲ್ಲೂ ಶೂ ಸಿಗುತ್ತಿರಲಿಲ್ಲ. 19ಕ್ಕೆ ಒಂದು ವೃತ್ತಿಪರ ತಂಡ ಅವನನ್ನು ಆರಿಸಿಕೊಂಡಿತು. ಇಡೀ ಲೈನ್‌ಗೆ ಸಿಹಿ ಹಂಚಿದ್ದೆವು. ಎರಡು ಸೀಸನ್ ಆಡಿ ವಾಪಸ್ ಬಂದಿದ್ದ.

ಪೆಟ್ಟು ಬಿತ್ತಾ ಅಂತ ಕೇಳಿದೆ. ಇಲ್ಲ ಅಂದ. ದುಡ್ಡು ಕೊಡಲಿಲ್ವಾ? ಕೊಟ್ಟರು ಮೇಡಂ. ಮತ್ತೇನಾಯಿತು? ಅವನು ಸ್ವಲ್ಪ ಹೊತ್ತು ಬಾಲ್ ತಿರುಗಿಸುತ್ತಾ ನಿಂತ. ಆಮೇಲೆ ಹೇಳಿದ: "ಅಲ್ಲಿ ಸೋತ ದಿನ ಯಾರೂ ಯಾರ ಹತ್ತಿರಾನೂ ಮಾತಾಡಲ್ಲ ಮೇಡಂ."

ಆ ಮಾತು ನನ್ನನ್ನು ಬಿಟ್ಟಿಲ್ಲ. ಅದಕ್ಕೇ ಈ ಪತ್ರ.

ಅದು ಯಾವ ತಂಡ ಅಂತ ನಾನು ಬರೆಯುವುದಿಲ್ಲ. ಎರಡು ಸೀಸನ್‌ನಲ್ಲಿ ಅಲ್ಲಿ ಮೂರು ಜನ ಕೋಚ್ ಬದಲಾದರಂತೆ. ಮೊದಲನೆಯವರು ಎದುರಾಳಿ ಬಾಲ್ ಹಿಡಿದು ನುಗ್ಗಿ ಬಂದರೆ ಬೇಸ್‌ಲೈನ್ (ರಿಂಗಿನ ಹಿಂದಿನ ಗೆರೆ) ಕಡೆಗೆ ತಳ್ಳು ಅಂದರು. ಎರಡನೆಯವರು ಬೇಸ್‌ಲೈನ್ ಕೊಡಲೇಬೇಡ, ಮಧ್ಯಕ್ಕೆ ತಳ್ಳು ಅಂದರು. ಮೂರನೆಯವರು ಮತ್ತೆ ಬೇಸ್‌ಲೈನ್ ಅಂದರು. ಆಟ ಗೊತ್ತಿಲ್ಲದವರಿಗೆ ಇದು ಸಣ್ಣ ವಿಷಯ ಅನಿಸಬಹುದು. ಅಲ್ಲ. ಡಿಫೆನ್ಸ್ ಅನ್ನುವುದು ತಲೆಯಲ್ಲಿ ಇರುವುದಿಲ್ಲ, ಕಾಲಿನಲ್ಲಿ ಇರುತ್ತದೆ. ಯಾವ ಕಾಲು ಮುಂದೆ, ಯಾವುದು ಹಿಂದೆ, ಸಹಾಯಕ್ಕೆ ಯಾರು ಯಾವ ಕಡೆಯಿಂದ ಬರುತ್ತಾರೆ ಅನ್ನುವುದು ಯೋಚನೆ ಮಾಡದೆ ಬರಬೇಕು. ಐದು ಜನರ ಕಾಲಿಗೆ ಒಂದೇ ಅಭ್ಯಾಸ ಹತ್ತಲು ತಿಂಗಳುಗಟ್ಟಲೆ ಬೇಕು. ಹತ್ತುವಷ್ಟರಲ್ಲಿ ಅದನ್ನು ಕಿತ್ತು ಬೇರೆಯದನ್ನು ಹಾಕಿದರೆ ಹುಡುಗ ಅರ್ಧ ಸೆಕೆಂಡ್ ತಡವಾಗುತ್ತಾನೆ. ಎದುರಾಳಿ ರಿಂಗಿನ ಹತ್ತಿರ ಬಂದು ಲೇಅಪ್ ಹಾಕಲು ಅರ್ಧ ಸೆಕೆಂಡ್ ಸಾಕು. ಆಮೇಲೆ ಇವನು ನಿಧಾನ ಅಂತ ಬೆಂಚಿಗೆ ಕಳಿಸುತ್ತಾರೆ.

ನಾನು 22 ವರ್ಷದಿಂದ ಇಲ್ಲಿ ಮಕ್ಕಳಿಗೆ ಆಟ ಕಲಿಸುತ್ತಿದ್ದೇನೆ. ದೊಡ್ಡ ತಂಡ ನಡೆಸಿದವಳಲ್ಲ. ಆದರೆ ಗೆಲ್ಲುವ ತಂಡಗಳು ಹೇಗೆ ನಡೆಯುತ್ತವೆ ಅಂತ ಇಷ್ಟು ವರ್ಷವೂ ಗಮನವಿಟ್ಟು ನೋಡಿದ್ದೇನೆ. ನನಗೆ ತಿಳಿದದ್ದನ್ನು ನಿಮಗೆ ಹೇಳಬೇಕು ಅನಿಸಿದೆ.

2013ರ ಜೂನ್ 18ರ ರಾತ್ರಿ ಮಯಾಮಿಯಲ್ಲಿ ಅಮೆರಿಕದ ದೊಡ್ಡ ಬಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎ ಫೈನಲ್ಸ್‌ನ ಆರನೇ ಪಂದ್ಯ. ಸ್ಯಾನ್ ಆಂಟೋನಿಯೊ ಸ್ಪರ್ಸ್ ಏಳು ಪಂದ್ಯದ ಸರಣಿಯಲ್ಲಿ 3–2ರಿಂದ ಮುಂದಿತ್ತು. ಪಂದ್ಯ ಮುಗಿಯಲು 28 ಸೆಕೆಂಡ್ ಇದ್ದಾಗ ಐದು ಪಾಯಿಂಟ್ ಮುಂದೆ. ಟ್ರೋಫಿ ಕೊಡುವುದಕ್ಕೆ ಕೋರ್ಟಿನ ಸುತ್ತ ಹಗ್ಗ ಹಿಡಿದು ಸಿಬ್ಬಂದಿ ತಯಾರಾಗಿದ್ದರು. ಅಷ್ಟರಲ್ಲಿ ಅಂತರ ಮೂರಕ್ಕೆ ಇಳಿಯಿತು. ಮಯಾಮಿಯವರ ಒಂದು ಶಾಟ್ ತಪ್ಪಿತು. ಅವರದೇ ಕ್ರಿಸ್ ಬಾಷ್ ತಪ್ಪಿ ಬಂದ ಬಾಲ್ (ರಿಬೌಂಡ್) ಹಿಡಿದರು. ರೇ ಆ್ಯಲೆನ್ ಹಿಂದಕ್ಕೆ ಹೆಜ್ಜೆ ಹಾಕುತ್ತಾ ಮೂಲೆಗೆ ಸರಿದರು, ಬಾಲ್ ಅವರ ಕೈಗೆ ಬಂತು. 5.2 ಸೆಕೆಂಡ್ ಉಳಿದಿರುವಾಗ ಮೂರು ಪಾಯಿಂಟ್. 95–95. ಹೆಚ್ಚುವರಿ ಅವಧಿಯಲ್ಲಿ ಸ್ಪರ್ಸ್ 103–100ರಿಂದ ಸೋತಿತು.

ಗೆದ್ದರೆ ಸಂಭ್ರಮಕ್ಕೆ ಅಂತ ಆ ರಾತ್ರಿ ಒಂದು ಹೋಟೆಲಿನಲ್ಲಿ ಊಟ ಹೇಳಿಟ್ಟಿದ್ದರು. ಕೋಚ್ ಗ್ರೆಗ್ ಪೊಪೊವಿಚ್ ಅದನ್ನು ರದ್ದು ಮಾಡಲಿಲ್ಲ. ಎಲ್ಲರೂ ಬರಲೇಬೇಕು ಅಂದರು. ತಾವೇ ಮೊದಲು ಹೋಗಿ ಟೇಬಲ್‌ಗಳನ್ನು ಹತ್ತಿರ ಹತ್ತಿರ ಹಾಕಿಸಿದರು. ಆಟಗಾರರು ಬಂದಾಗ ಒಬ್ಬೊಬ್ಬರ ಹತ್ತಿರವೂ ಹೋಗಿ ಮಾತಾಡಿಸಿದರು, ತಬ್ಬಿಕೊಂಡರು. ಕೈಗೆ ಬಂದ ಕಪ್ ಜಾರಿಹೋದ ರಾತ್ರಿ ಅದು. ಯಾರಿಗೂ ಊಟ ಸೇರುವ ಹೊತ್ತಲ್ಲ. ಆದರೂ ಕೂತರು.

ಏಳನೇ ಪಂದ್ಯವನ್ನೂ ಸೋತರು, 95–88. ಊಟ ಹಾಕಿದ ತಕ್ಷಣ ಗೆಲುವು ಬರಲಿಲ್ಲ. ಆದರೆ ಮುಂದಿನ ಸೀಸನ್‌ನ ತರಬೇತಿ ಶುರುವಾದಾಗ ಪೊಪೊವಿಚ್ ಆ ಆರನೇ ಪಂದ್ಯದ ವಿಡಿಯೊವನ್ನೇ ಹಾಕಿ ಕೂರಿಸಿದರು. ಎಲ್ಲರೆದುರು, ಒಂದೊಂದು ತಪ್ಪನ್ನೂ ತೋರಿಸಿ. ಅದನ್ನು ನೋಡಿಯೂ ತಂಡ ಒಡೆಯಲಿಲ್ಲ. ಒಟ್ಟಿಗೆ ಕೂತು ಉಂಡವರು ಒಟ್ಟಿಗೆ ಕೂತು ತಪ್ಪನ್ನೂ ನೋಡಬಲ್ಲರು. 2014ರಲ್ಲಿ ಅದೇ ಮಯಾಮಿ ಎದುರು ಬಹುತೇಕ ಅದೇ ಆಟಗಾರರು 4–1ರಿಂದ ಗೆದ್ದರು. ಗೆದ್ದ ನಾಲ್ಕೂ ಪಂದ್ಯದಲ್ಲಿ 15 ಪಾಯಿಂಟ್ ಅಥವಾ ಜಾಸ್ತಿ ಅಂತರ.

ನಮ್ಮಲ್ಲಿ ಇಂಥ ಸೋಲಾದ ಮೇಲೆ ಏನಾಗುತ್ತದೆ ಅಂತ ನೆನಪಿಸಿಕೊಳ್ಳಿ. ಕೋಚ್ ಹೋಗುತ್ತಾರೆ. ಐದಾರು ಹುಡುಗರನ್ನು ಬಿಡುತ್ತಾರೆ. ಮುಂದಿನ ವರ್ಷ ಹೊಸ ಜೆರ್ಸಿ, ಹೊಸ ಮುಖ, ಹೊಸ ಘೋಷಣೆ. ನನ್ನ ಹುಡುಗನಿಗೆ ತನ್ನನ್ನು ಬಿಟ್ಟಿದ್ದಾರೆ ಅಂತ ಗೊತ್ತಾದದ್ದು ವಾಟ್ಸ್ಆ್ಯಪ್ ಗುಂಪಿನಿಂದ ತೆಗೆದಾಗ. ಒಂದು ಫೋನ್ ಮಾಡಬಹುದಿತ್ತು, ಅಲ್ವಾ?

ಸ್ಪರ್ಸ್ ಬಗ್ಗೆ ಇನ್ನೂ ಒಂದೆರಡು ಮಾತು. ಪೊಪೊವಿಚ್ ಕೋಚ್ ಆದ 1996–97ರ ಸೀಸನ್‌ನಲ್ಲಿ ಆ ತಂಡ 82ರಲ್ಲಿ 62 ಪಂದ್ಯ ಸೋತಿತ್ತು. ಮಾಲೀಕರು ಅವರನ್ನು ತೆಗೆಯಲಿಲ್ಲ. ಅವರು 2025ರವರೆಗೆ ಅಲ್ಲೇ ಕೋಚ್ ಆಗಿದ್ದರು. 1999, 2003, 2005, 2007, 2014, ಹೀಗೆ ಐದು ಸಲ ಚಾಂಪಿಯನ್ ಆದರು. 22 ಸೀಸನ್ ಬಿಡದೆ ಕೊನೆಯ ನಾಕೌಟ್ ಹಂತವಾದ ಪ್ಲೇಆಫ್ ತಲುಪಿದರು. ಟಿಮ್ ಡಂಕನ್ 1997ರಿಂದ 2016ರವರೆಗೆ 19 ಸೀಸನ್ ಆ ಒಂದೇ ತಂಡಕ್ಕೆ ಆಡಿದರು. 2012ರಲ್ಲಿ ತಮ್ಮ ಸಂಬಳವನ್ನು ಅರ್ಧಕ್ಕಿಂತ ಕಡಿಮೆ ಮಾಡಿಕೊಂಡರು, ಉಳಿದ ದುಡ್ಡಿನಲ್ಲಿ ಒಳ್ಳೆಯ ಜೊತೆಗಾರರು ಸಿಗಲಿ ಅಂತ. ತಂಡದ ಅತಿ ದೊಡ್ಡ ಆಟಗಾರ ಅವರು. ಆದರೂ ಪೊಪೊವಿಚ್ ಎಲ್ಲರೆದುರು ಅವರನ್ನು ಗದರಿದರೆ ಸುಮ್ನೆ ಕೇಳಿಸಿಕೊಳ್ಳುತ್ತಿದ್ದರು. ಡಂಕನ್ ಅವರೇ ಕೇಳಿಸಿಕೊಂಡ ಮೇಲೆ ಹೊಸದಾಗಿ ಬಂದ ಹುಡುಗ ಮುಖ ಗಂಟು ಹಾಕಿಕೊಳ್ಳುವುದು ಹೇಗೆ?

ಇದನ್ನು ಹೇಳಿದರೆ ಕೆಲವರು ಅನ್ನುತ್ತಾರೆ, ಅಂಥ ಆಟಗಾರ ಸಿಕ್ಕರೆ ಯಾರು ಬೇಕಾದರೂ ಗೆಲ್ಲಬಹುದು ಅಂತ. ಸ್ವಲ್ಪ ನಿಜ. ಪ್ರತಿಭೆ ಇಲ್ಲದೆ ಬರೀ ಒಗ್ಗಟ್ಟಿನಿಂದ ಕಪ್ ಬರುವುದಿಲ್ಲ. ಆದರೆ ಮಾನು ಜಿನೋಬಿಲಿ ಅವರನ್ನು ನೋಡಿ. ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ 1999ರ ಆಯ್ಕೆಯಲ್ಲಿ 57ನೆಯವರಾಗಿ ಸಿಕ್ಕವರು. ಅರ್ಜೆಂಟೀನಾಗೆ 2004ರ ಒಲಿಂಪಿಕ್ ಚಿನ್ನ ತಂದುಕೊಟ್ಟ ತಂಡದ ಮುಖ್ಯ ಆಟಗಾರ. ಅಂಥವರು ಸ್ಪರ್ಸ್‌ನಲ್ಲಿ ಎಷ್ಟೋ ವರ್ಷ ಮೊದಲ ಐವರಲ್ಲಿ ಇಳಿಯದೆ ಬೆಂಚಿನಿಂದ ಎದ್ದು ಬಂದು ಆಡಿದರು. ತಂಡಕ್ಕೆ ಅದೇ ಒಳ್ಳೆಯದು ಅಂತ ಕೋಚ್ ಹೇಳಿದ್ದರು, ಇವರು ಒಪ್ಪಿದರು. 2013–14ರಲ್ಲಿ ಆ ತಂಡ 62 ಪಂದ್ಯ ಗೆದ್ದಾಗ ಒಬ್ಬ ಆಟಗಾರನೂ ಸರಾಸರಿ 30 ನಿಮಿಷ ಆಡಿರಲಿಲ್ಲ.

ಈ ನಿಮಿಷದ ಲೆಕ್ಕ ನನಗೆ ಬಹಳ ಮುಖ್ಯ. ನಮ್ಮ ಪಂದ್ಯ 40 ನಿಮಿಷ. ಕೋರ್ಟಿನಲ್ಲಿ ಐದು ಜನ. ಅಂದರೆ ಹಂಚಲು ಇರುವುದು 200 ನಿಮಿಷ, ಹಂಚಿಕೊಳ್ಳಲು 12 ಜನ. ಯಾರಿಗೋ ಮೂರೇ ನಿಮಿಷ ಬರುತ್ತದೆ. ಯಾರಿಗೋ ಅದೂ ಇಲ್ಲ. ತಂಡದ ಸ್ವಭಾವ ಹೇಗಿದೆ ಅಂತ ತಿಳಿಯಲು ನಾನು ಸ್ಟಾರ್ ಆಟಗಾರನ ಮುಖ ನೋಡುವುದಿಲ್ಲ. ಟೈಮ್‌ಔಟ್ ಆದಾಗ ಹನ್ನೊಂದನೆಯವನು, ಹನ್ನೆರಡನೆಯವನು ಏನು ಮಾಡುತ್ತಿದ್ದಾರೆ ಅಂತ ನೋಡುತ್ತೇನೆ. ನೀರಿನ ಬಾಟಲಿ ಹಿಡಿದು ಎದ್ದು ಬರುತ್ತಾರಾ? ಕೋಚ್ ಮಾತಿಗೆ ಕಿವಿ ಕೊಡುತ್ತಾರಾ? ಅಥವಾ ಗ್ಯಾಲರಿ ಕಡೆ ನೋಡುತ್ತಾ ಕೂತಿರುತ್ತಾರಾ? ಅವರ ತಪ್ಪು ಅಂತ ಹೇಳುತ್ತಿಲ್ಲ. ಮುಂದಿನ ವರ್ಷ ತಾನು ಇಲ್ಲಿ ಇರುತ್ತೇನೋ ಇಲ್ಲವೋ ಗೊತ್ತಿಲ್ಲದವನು ತಂಡ ನನ್ನದು ಅಂತ ಯಾಕೆ ಅಂದುಕೊಳ್ಳಬೇಕು?

ಮಯಾಮಿ ಹೀಟ್ ತಂಡದಲ್ಲಿ ಉಡೋನಿಸ್ ಹಾಸ್ಲೆಮ್ ಅಂತ ಒಬ್ಬರಿದ್ದರು. ಎನ್‌ಬಿಎ ಆಯ್ಕೆಯಲ್ಲಿ ಯಾರೂ ಅವರನ್ನು ತೆಗೆದುಕೊಳ್ಳಲಿಲ್ಲ. ಫ್ರಾನ್ಸಿಗೆ ಹೋಗಿ ಆಡಿದರು, ಮೈ ಇಳಿಸಿದರು, 2003ರಲ್ಲಿ ಮಯಾಮಿ ಸೇರಿದರು. 20 ಸೀಸನ್ ಅಲ್ಲೇ ಇದ್ದರು. ಕೊನೆಯ ಕೆಲವು ವರ್ಷ ಅವರು ಕೋರ್ಟಿಗೆ ಇಳಿದದ್ದೇ ಅಪರೂಪ. ಆದರೂ ತಂಡ ಪ್ರತಿ ವರ್ಷ ಒಂದು ಜಾಗ ಅವರಿಗೆ ಅಂತ ಇಟ್ಟಿತು. ಹೊಸ ಹುಡುಗ ತಡವಾಗಿ ಬಂದರೆ ಕೋಚ್ ಬಾಯಿ ಬಿಡುವ ಅಗತ್ಯವಿರಲಿಲ್ಲ. ಮನೆಯಲ್ಲಿ ಹಿರಿಯರಿದ್ದ ಹಾಗೆ. ಅಲ್ಲಿನ ಕೋಚ್ ಎರಿಕ್ ಸ್ಪೋಲ್ಸ್ಟ್ರಾ ಕೂಡ 1995ರಲ್ಲಿ ಪಂದ್ಯದ ವಿಡಿಯೊ ಕತ್ತರಿಸುವ ಕೋಣೆಗೆ ಕೆಲಸಕ್ಕೆ ಸೇರಿದವರು. 13 ವರ್ಷ ಒಳಗೇ ಬೆಳೆದು 2008ರಲ್ಲಿ ಕೋಚ್ ಆದರು. ಅದಕ್ಕೆ ಹಿಂದಿನ ಸೀಸನ್‌ನಲ್ಲಿ ತಂಡ ಗೆದ್ದದ್ದು ಬರೀ 15 ಪಂದ್ಯ. ಅಂಥ ಹೊತ್ತಿನಲ್ಲೂ ಹೊರಗಿನಿಂದ ದೊಡ್ಡ ಹೆಸರು ತರದೆ ತಮ್ಮವರನ್ನೇ ನಂಬಿದರು.

ಕೊಡಗಿನವರಿಗೆ ಇದನ್ನೆಲ್ಲ ಅಮೆರಿಕದಿಂದ ಕಲಿಯಬೇಕಾಗಿಲ್ಲ. 1997ರಲ್ಲಿ ಪಾಂಡಂಡ ಕುಟ್ಟಪ್ಪ ಅವರು ಕರಡದಲ್ಲಿ ಕೊಡವ ಕೌಟುಂಬಿಕ ಹಾಕಿ ಶುರು ಮಾಡಿದಾಗ 60 ಕುಟುಂಬಗಳು ಆಡಿದವು. 2024ರಲ್ಲಿ ಕುಂಡ್ಯೋಳಂಡ ಕುಟುಂಬದವರು ನಾಪೋಕ್ಲುವಿನಲ್ಲಿ ನಡೆಸಿದಾಗ 360 ತಂಡ ಸೇರಿ ಗಿನ್ನೆಸ್ ದಾಖಲೆಯಾಯಿತು. ಪ್ರತಿ ವರ್ಷ ಒಂದೊಂದು ಒಕ್ಕ, ಅಂದರೆ ಮನೆತನ, ಹೊಣೆ ಹೊರುತ್ತದೆ. ನಡುವೆ 2018ರ ಭೂಕುಸಿತ, ಆಮೇಲೆ ಕೊರೊನಾ. ಕೆಲವು ವರ್ಷ ಹಬ್ಬವೇ ನಡೆಯಲಿಲ್ಲ. 2023ರಲ್ಲಿ ಮತ್ತೆ ಶುರುವಾದಾಗ ಜನ ಮರೆತಿರಲಿಲ್ಲ.

ನಾನು ಅಲ್ಲಿ ಫೈನಲ್‌ಗಿಂತ ಮೊದಲ ಸುತ್ತನ್ನು ಜಾಸ್ತಿ ಇಷ್ಟಪಟ್ಟು ನೋಡುತ್ತೇನೆ. ನಾಕೌಟ್ ಆಟ. ನೂರಾರು ತಂಡಗಳು ಒಂದೆರಡು ಪಂದ್ಯಕ್ಕೇ ಹೊರಗೆ. ಅವರಿಗೂ ಅದು ಗೊತ್ತು. ಆದರೂ ಬೆಂಗಳೂರು, ಮೈಸೂರಿನಿಂದ ರಜೆ ಹಾಕಿ ಬರುತ್ತಾರೆ. ಒಂದೇ ತಂಡದಲ್ಲಿ ಅಪ್ಪ, ಮಗಳು, ಚಿಕ್ಕಪ್ಪ. ಸೋತ ಮೇಲೆ ಮರದ ನೆರಳಲ್ಲಿ ಬುತ್ತಿ ಬಿಚ್ಚಿ ಎಲ್ಲರೂ ಕೂರುತ್ತಾರೆ. ಆರು ವರ್ಷದ ಮಗು ಅಜ್ಜನ ಸ್ಟಿಕ್ ಹಿಡಿದು ಓಡುತ್ತಿರುತ್ತದೆ. 1975ರ ವಿಶ್ವಕಪ್ ಗೆದ್ದ ತಂಡದಲ್ಲಿ ಬಿ.ಪಿ. ಗೋವಿಂದ, 1980ರ ಮಾಸ್ಕೋ ಒಲಿಂಪಿಕ್ಸ್ ಚಿನ್ನದ ತಂಡದಲ್ಲಿ ಎಂ.ಎಂ. ಸೋಮಯ್ಯ ಇದ್ದರು. ಅವರಿಗಿಂತ ಮುಂಚೆಯೂ ಆಮೇಲೂ ಈ ಪುಟ್ಟ ಜಿಲ್ಲೆಯಿಂದ ಆಟಗಾರರು ಹೋಗುತ್ತಲೇ ಇದ್ದಾರೆ. ಹಾಕಿ ಇಲ್ಲಿ ಮನೆಯೊಳಗಿನ ವಿಷಯ. ಸೋತರೂ ಮನೆಯವರು ಮನೆಯವರೇ.

ಬಾಸ್ಕೆಟ್‌ಬಾಲ್‌ಗೆ ನಮ್ಮ ದೇಶದಲ್ಲಿ ಅಂಥ ಮನೆ ಇಲ್ಲವಾ? ಇದೆ. ರೈಲ್ವೇಸ್ ಮಹಿಳಾ ತಂಡವನ್ನು ನೋಡಿ. ರಾಷ್ಟ್ರೀಯ ಚಾಂಪಿಯನ್‌ಷಿಪ್‌ನಲ್ಲಿ ಅವರಷ್ಟು ವರ್ಷ ಗೆದ್ದು ಬಂದವರು ಕಡಿಮೆ. ಕಾರಣ ಏನು ಅಂತ ನನ್ನನ್ನು ಕೇಳಿದರೆ ಮೊದಲು ಹೇಳುವುದು ನೌಕರಿ. ಆ ಹೆಣ್ಣುಮಕ್ಕಳಿಗೆ ತಿಂಗಳ ಸಂಬಳ ಇದೆ. ಮೊಣಕಾಲು ಕೈಕೊಟ್ಟರೂ ಕೆಲಸ ಇರುತ್ತದೆ. ಹಾಗಾಗಿ ಅವರು ವರ್ಷ ವರ್ಷ ಒಟ್ಟಿಗೆ ಆಡುತ್ತಾರೆ. ಜೊತೆಯವಳು ಎಲ್ಲಿಗೆ ಓಡುತ್ತಾಳೆ ಅಂತ ತಿರುಗಿ ನೋಡದೆ ಪಾಸ್ ಕೊಡುತ್ತಾರೆ. ಬ್ಯಾಂಕು, ಸೇನೆ, ಒಎನ್‌ಜಿಸಿ ತಂಡಗಳು ಇಷ್ಟು ಕಾಲ ನಿಂತದ್ದೂ ಇದರಿಂದಲೇ.

ವೃತ್ತಿಪರ ಲೀಗ್‌ಗಳು ಹಾಗೆ ನಿಲ್ಲಲಿಲ್ಲ. ಯುಬಿಎ ಲೀಗ್ 2015ರಲ್ಲಿ ಶುರುವಾಯಿತು, 2017ಕ್ಕೆ ಮುಗಿಯಿತು. ಅದರಲ್ಲಿ ಬೆಂಗಳೂರು ಬೀಸ್ಟ್ ಅಂತ ನಮ್ಮದೂ ಒಂದು ತಂಡ ಇತ್ತು. ಆ ಹೆಸರು ಈಗಿನ ನನ್ನ ಮಕ್ಕಳಿಗೆ ಗೊತ್ತೇ ಇಲ್ಲ. 2022ರಲ್ಲಿ ಐಎನ್‌ಬಿಎಲ್ ಅನ್ನುವ ಇನ್ನೊಂದು ಲೀಗ್ ಬಂತು. ಬರಲಿ, ಬೆಳೆಯಲಿ ಅಂತ ಮನಸಾರೆ ಹಾರೈಸುತ್ತೇನೆ. ಆದರೆ ಕೆಲವೇ ವಾರ ನಡೆಯುವ ಸೀಸನ್‌ಗೆ ಆಟಗಾರರನ್ನು ಸೇರಿಸಿ, ಮುಗಿದ ಮೇಲೆ ಅವರವರ ದಾರಿಗೆ ಬಿಟ್ಟರೆ ಅದು ತಂಡ ಆಗುವುದಿಲ್ಲ. ಮದುವೆ ಮನೆಗೆ ಪಾತ್ರೆ ಬಾಡಿಗೆ ತಂದ ಹಾಗೆ ಆಗುತ್ತದೆ.

ಈಗ ನನ್ನ ಬೇಡಿಕೆ ಹೇಳುತ್ತೇನೆ. ಕೋಚ್‌ಗೆ ಐದು ವರ್ಷ ಬರೆದುಕೊಡಿ. ಮೊದಲ ಎರಡು ವರ್ಷ ಸೋತರೆ ತೆಗೆಯುವುದಿಲ್ಲ ಅಂತ ಬಾಯಿ ಬಿಟ್ಟು ಜನರ ಮುಂದೆ ಹೇಳಿ. ಎನ್‌ಬಿಎಯ ಒಕ್ಲಹೋಮ ಸಿಟಿ ಥಂಡರ್ ತಂಡ 2020–21ರಲ್ಲಿ 22 ಪಂದ್ಯ ಗೆದ್ದಿತು, ಮುಂದಿನ ವರ್ಷ 24. ಆಗಿನ ಕೋಚ್ ಮಾರ್ಕ್ ಡೇಗ್ನಾಲ್ಟ್ ಅವರನ್ನೂ, 2007ರಿಂದ ತಂಡ ನೋಡಿಕೊಳ್ಳುತ್ತಿದ್ದ ಸ್ಯಾಮ್ ಪ್ರೆಸ್ಟಿ ಅವರನ್ನೂ ಮುಟ್ಟಲಿಲ್ಲ. 2024–25ರಲ್ಲಿ 68 ಪಂದ್ಯ ಗೆದ್ದು ಚಾಂಪಿಯನ್ ಆದರು. ಕೆಳಗಿರುವ ತಂಡಕ್ಕೆ ಒಳ್ಳೆಯ ಹೊಸ ಆಟಗಾರ ಮೊದಲು ಸಿಗುವ ಅವಕಾಶ ಹೆಚ್ಚು ಅಂತ ಸೋಲನ್ನೇ ಬಯಸುವ ಪದ್ಧತಿ ಅಲ್ಲಿ ಕೆಲವು ತಂಡಗಳಲ್ಲಿದೆ, ಅದನ್ನು ನಾನು ಒಪ್ಪುವುದಿಲ್ಲ. ಸೋಲುವ ವರ್ಷದಲ್ಲೂ ಪ್ರತಿ ಪಂದ್ಯವನ್ನು ಗೆಲ್ಲಲೇ ಆಡಬೇಕು. ಲೂಸ್ ಬಾಲ್‌ಗೆ (ಯಾರ ಕೈಗೂ ಸಿಗದೆ ಉರುಳುವ ಬಾಲ್) ನೆಲಕ್ಕೆ ಬೀಳುವುದನ್ನು ಒಂದು ವರ್ಷ ಬಿಟ್ಟ ಹುಡುಗ ಮುಂದಿನ ವರ್ಷ ಬೀಳುವುದಿಲ್ಲ.

ಆಟಗಾರರಿಗೆ ಕನಿಷ್ಠ ಮೂರು ವರ್ಷದ ಒಪ್ಪಂದ ಕೊಡಿ, ವರ್ಷದ ಹನ್ನೆರಡು ತಿಂಗಳೂ ಸಂಬಳ ಕೊಡಿ. ಪೆಟ್ಟಾದರೆ ಆಸ್ಪತ್ರೆ ಖರ್ಚು ನೋಡಿಕೊಳ್ಳಿ. ಬಿಡಲೇಬೇಕಾದರೆ ಮಾಲೀಕರೋ ಕೋಚೋ ಎದುರು ಕೂರಿಸಿ ಹೇಳಲಿ. ರಾಜ್ಯಕ್ಕೆ ಆಡಿ ನಿವೃತ್ತರಾದ ಎಷ್ಟೋ ಜನ ನಮ್ಮಲ್ಲಿ ಸುಮ್ನೆ ಇದ್ದಾರೆ. ಅವರಲ್ಲಿ ಇಬ್ಬರನ್ನು ತಂಡದ ಜೊತೆ ಇಟ್ಟುಕೊಳ್ಳಿ. ಅವರು ಏನೂ ಮಾಡದೆ ಬೆಂಚಿನಲ್ಲಿ ಕೂತರೂ ಹುಡುಗರು ನೆಟ್ಟಗೆ ಕೂರುತ್ತಾರೆ.

ಜಿಲ್ಲೆಗಳಿಗೂ ಬನ್ನಿ. ಬೆಂಗಳೂರಿನ ಒಳಾಂಗಣ ಕೋರ್ಟಿನಲ್ಲಿ ಕೂತು ಎತ್ತರದ ಹುಡುಗರಿಗಾಗಿ ಕಾದರೆ ಲೈನ್ ಮನೆಯ ಹುಡುಗ ನಿಮಗೆ ಕಾಣುವುದಿಲ್ಲ. ನಮ್ಮ ಕೋರ್ಟ್ ಸಿಮೆಂಟಿನದು, ಮೇಲೆ ಸೂರಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಬಿಡುವುದಿಲ್ಲ. ನೆಲದ ಮೇಲೆ ಪಾಚಿ ಕಟ್ಟುತ್ತದೆ. ಕಾಲಿಟ್ಟರೆ ಜಾರುತ್ತದೆ. ಆ ನಾಲ್ಕು ತಿಂಗಳು ನಾವು ಶಾಲೆಯ ವರಾಂಡದಲ್ಲಿ ಡ್ರಿಬ್ಲಿಂಗ್ ಮಾಡುತ್ತೇವೆ, ರಿಂಗ್ ಇಲ್ಲದೆ ಡಿಫೆನ್ಸ್ ಕಾಲು ಅಭ್ಯಾಸ ಮಾಡುತ್ತೇವೆ. ನಮ್ಮ ಮಕ್ಕಳ ಶಾಟ್ ಸ್ವಲ್ಪ ಹಿಂದೆ, ಡಿಫೆನ್ಸ್ ಮುಂದೆ ಇರುವುದಕ್ಕೆ ಇದೇ ಕಾರಣ. ನಿಮ್ಮ ಕೋಚ್ ವರ್ಷಕ್ಕೆ ನಾಲ್ಕು ದಿನ ಬಂದು ದೊಡ್ಡ ತಂಡ ಯಾವ ಡಿಫೆನ್ಸ್ ಆಡುತ್ತದೋ ಅದನ್ನೇ ನಮ್ಮ 13 ವರ್ಷದ ಮಕ್ಕಳಿಗೂ ತೋರಿಸಲಿ. ಬೇಸ್‌ಲೈನ್ ಅಂದರೆ ಬೇಸ್‌ಲೈನ್. ಮಧ್ಯ ಅಂದರೆ ಮಧ್ಯ. ನಾನು ಆರು ವರ್ಷ ಅದನ್ನೇ ಕಲಿಸುತ್ತೇನೆ. ಅವರು ನಿಮ್ಮ ಹತ್ತಿರ ಬರುವಾಗ ಕಾಲಿಗೆ ಹೊಸದಾಗಿ ಏನೂ ಹೇಳಬೇಕಾಗಿರುವುದಿಲ್ಲ. ಒಂದು ಜಿಲ್ಲೆಗೆ ಸೂರಿರುವ ಒಂದು ಕೋರ್ಟ್ ಕೊಟ್ಟರೆ ಇನ್ನೂ ಸಂತೋಷ.

ನನ್ನ ಹುಡುಗನ ವಿಷಯ ಹೇಳಿ ಮುಗಿಸುತ್ತೇನೆ. ಅವನು ಈಗ ತೋಟದ ಆಫೀಸಿನಲ್ಲಿ ಕೆಲಸ ಮಾಡುತ್ತಾನೆ. ಬೆಳಿಗ್ಗೆ ಕೆಲಸಕ್ಕೆ ಮುಂಚೆ ಬಂದು ಚಿಕ್ಕ ಮಕ್ಕಳಿಗೆ ಬಾಕ್ಸ್ ಔಟ್ (ಎದುರಾಳಿಯನ್ನು ಬೆನ್ನಿನಿಂದ ತಡೆದು ರಿಬೌಂಡ್‌ಗೆ ನಿಲ್ಲುವುದು) ಹೇಳಿಕೊಡುತ್ತಾನೆ. ಡಿಸೆಂಬರ್‌ನಲ್ಲಿ ಮೈಸೂರಿನ ಒಂದು ಟೂರ್ನಿಯಲ್ಲಿ ನಮ್ಮ ಹುಡುಗರು ಒಂದು ಪಾಯಿಂಟ್‌ನಿಂದ ಸೋತರು. ಕೊನೆಯ ಫ್ರೀ ಥ್ರೋ ತಪ್ಪಿಸಿದ ಹುಡುಗ ಶೂ ಬಿಚ್ಚದೆ ಗೋಡೆ ಕಡೆ ತಿರುಗಿ ಕೂತಿದ್ದ. ವಾಪಸ್ ಬರುವಾಗ ಹುಣಸೂರಿನಲ್ಲಿ ಇವನು ಗಾಡಿ ನಿಲ್ಲಿಸಿದ. ಹೋಟೆಲಿನವರಿಗೆ ಹೇಳಿ ಮೂರು ಟೇಬಲ್ ಸೇರಿಸಿ ಹಾಕಿಸಿದ. ಆ ಹುಡುಗನನ್ನು ತನ್ನ ಪಕ್ಕದಲ್ಲಿ ಕೂರಿಸಿಕೊಂಡು ಪರೋಟ ಹರಿದು ಅವನ ತಟ್ಟೆಗೆ ಹಾಕಿದ. ಸ್ವಲ್ಪ ಹೊತ್ತಿಗೆ ಯಾರೋ ಏನೋ ಅಂದರು, ಎಲ್ಲರೂ ನಕ್ಕರು, ಆ ಹುಡುಗನೂ ನಕ್ಕ. ಬಿಲ್ ಇವನೇ ಕೊಟ್ಟ.

ಅವನಿಗೆ ಈಗ 22 ವರ್ಷ. ಇನ್ನೂ ಹತ್ತು ವರ್ಷ ಆಡುವ ಶಕ್ತಿ ಇದೆ. ಬೆಳಿಗ್ಗೆ ಆರು ಗಂಟೆಗೆ ನಮ್ಮ ಅಭ್ಯಾಸ ಶುರು. ಮಳೆ ಹಿಡಿಯುವ ಮುಂಚೆ ಒಂದು ದಿನ ಬನ್ನಿ. ಅವನ ಆಟ ನೋಡಿ. ಅವನ ಹತ್ತಿರ ಮಾತಾಡಿ.

ಇಂತಿ,
ಒಬ್ಬ ಬಾಸ್ಕೆಟ್‌ಬಾಲ್ ಕೋಚ್
ಗೋಣಿಕೊಪ್ಪ, ದಕ್ಷಿಣ ಕೊಡಗು